ಮೊದಲನೆಯದಕ್ಕೆ ಹೊರಗಿನಿಂದ ನಮಸ್ಕಾರ

ಭುವನೇಶ್ವರಿಯ ಅತ್ತೆ ಶಿವಗಂಗಾಬಾಯಿ ಮೂವತ್ತು ವರ್ಷಗಳಿಂದ ತಗಡಿನ ಪತ್ರಾದ ಕೆಳಗೇ ಮಲಗುತ್ತಿದ್ದಳು. ಸಾಸ್ತೂರಿನ ತವರುಮನೆ ಭೂಕಂಪದಲ್ಲಿ ಕುಸಿದ ಮೇಲೆ ಭಾರದ ಚಾವಣಿಯ ಮೇಲೆ ಅವಳಿಗೆ ನಂಬಿಕೆಯೇ ಹೋಗಿತ್ತು. ಮದುವೆಮನೆಗೆ ಹೋದರೂ ಅವಳ ಊಟ ಅಂಗಳದಲ್ಲೇ. ಈಗ ಗುಂಜೋಟಿಯಲ್ಲಿ ಎರಡು ಕೋಣೆಯ ಮನೆ ಏಳುತ್ತಿತ್ತು. ಸೊಸೆ ಎರಡು ವರ್ಷ ಗೋಗರೆದ ಮೇಲೆ, ಮುಂದಿನ ಕೋಣೆಯ ಸ್ಲ್ಯಾಬಿಗೆ ದುಪ್ಪಟ್ಟು ಕಬ್ಬಿಣ ಹಾಕಿದರೆ ಅದರ ಕೆಳಗೆ ಮಲಗುತ್ತೇನೆ ಎಂದು ಮುದುಕಿ ಒಪ್ಪಿದ್ದಳು.

ಸ್ಲ್ಯಾಬು ಹಾಕುವ ದಿನ ಬಂತು. ಮಿಸ್ತ್ರಿ ಕಾಶೆಪ್ಪ ಎರಡೂ ಕೋಣೆಗೆ ಹಲಗೆ ಹೊಡೆದು ಕಬ್ಬಿಣ ಕಟ್ಟುವ ನಕ್ಷೆಗಾಗಿ ಕಾಯುತ್ತಿದ್ದ. ಹನ್ನೊಂದರೊಳಗೆ ಅದು ಬರದಿದ್ದರೆ ಆಳುಗಳನ್ನು ನಿಲಂಗಾದ ಕೆಲಸಕ್ಕೆ ಕಳಿಸುವವನಿದ್ದ. ಆಮೇಲೆ ಮಳೆಗಾಲ ಮುಗಿಯುವ ತನಕ ಅವರ ಮುಖ ಕಾಣುವಂತಿರಲಿಲ್ಲ. ಅಷ್ಟರಲ್ಲಿ ಅತ್ತೆಯ ಮನಸ್ಸು ತಿರುಗಿಬಿಟ್ಟರೆ ಏನು ಗತಿ ಎಂದು ಭುವನೇಶ್ವರಿ ಬೆಳಗಿನಿಂದ ಗಡಿಯಾರ ನೋಡುತ್ತಲೇ ಇದ್ದಳು.

ಮನೆ ಕಟ್ಟುತ್ತಿದ್ದ ಗುತ್ತಿಗೆದಾರ ಬೇರೆ ಯಾರೂ ಅಲ್ಲ, ಅವಳು ಕೆಲಸಕ್ಕಿದ್ದ ಉಮರ್ಗಾದ ಕಚೇರಿಯ ವೈಜನಾಥ ಸಾವಕಾರರೇ. ಅವರು ಪುಣೆಯಿಂದ ಹೊಸ ಸಾಫ್ಟ್‌ವೇರ್ ತರಿಸಿದ್ದರು. ಅದರಲ್ಲೊಂದು ಎಐ ಏಜೆಂಟು. ನಕ್ಷೆ ಹುಡುಕಿ ಸೈಟಿಗೆ ಕಳಿಸುವುದು ಅದರ ಕೆಲಸ. ಇಷ್ಟು ದುಡ್ಡು ಸುರಿದ ಮೇಲೆ ಬೇರೆ ಯಾರೂ ನಕ್ಷೆ ಮುಟ್ಟಕೂಡದು ಎಂದು ಸಾವಕಾರರ ಅಪ್ಪಣೆಯಾಗಿತ್ತು. ಯಾವ ಫೋಲ್ಡರಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವ ಸಾಧನವೊಂದು ಏಜೆಂಟಿನ ಕೈಗಿತ್ತು. ಆ ಸಾಧನ ಬಳಸುವ ಬಗೆಯನ್ನು ಯಾರಾದರೂ ಒಂದು ಪುಟ ಬರೆದುಕೊಡಬೇಕು. ಏಜೆಂಟು ಅದನ್ನು ಓದಿ, ಓದಿದ ಹಾಗೆಯೇ ನಡೆಯುತ್ತದೆ. ಅಂಥ ನೌಕರನನ್ನು ಉಮರ್ಗಾ ಹಿಂದೆ ಕಂಡಿರಲಿಲ್ಲ. ಬಸವಕಲ್ಯಾಣದ ಹುಡುಗಿ, ಅಕ್ಷರ ದುಂಡಗಿವೆ ಎಂದು ಪುಟ ಬರೆಯುವ ಕೆಲಸ ಭುವನೇಶ್ವರಿಗೆ ಬಿತ್ತು. ಬರೆಯುವುದು ಕೀಬೋರ್ಡಿನಲ್ಲಿ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

“ಈ ಸಾಧನ ಪಟ್ಟಿ ಕೊಡುತ್ತದೆ. ಕಾಮಗಾರಿಯ ಸಂಖ್ಯೆ ಕೊಡಬೇಕು. ಫೋಲ್ಡರಿನ ಹೆಸರು ಕೊಡದಿದ್ದರೆ ಮೇಲಿನಿಂದ ಶುರು.” ಇಷ್ಟು ಬರೆದು ಎಂಟು ಗಂಟೆಗೆ ಏಜೆಂಟನ್ನು ಒಳಗೆ ಬಿಟ್ಟಳು. ಅರ್ಧ ತಾಸಾದರೂ ಅದು ಹೊರಗೆ ಬರಲಿಲ್ಲ. ಕೊನೆಗೊಂದು ಸಂದೇಶ ಬಂತು: “ಮುನ್ನೂರ ನಲವತ್ತನೆಯ ಶ್ರೀ ಸಿಕ್ಕಿದೆ. ಮುಂದುವರಿಯಲೇ?”

ಸಾವಕಾರರ ಮನೆತನದ ವಹಿಗಳಲ್ಲಿ ಮೊದಲ ಪುಟಕ್ಕೆ ಶ್ರೀ ಎಂದಷ್ಟೇ ಬರೆದು ಖಾಲಿ ಬಿಡುವುದು ಅಜ್ಜನ ಕಾಲದ ಪದ್ಧತಿ. ಕಂಪ್ಯೂಟರ್ ಬಂದಾಗ ಹಳೆಯ ಗುಮಾಸ್ತ ವಿರೂಪಾಕ್ಷ ಅದನ್ನು ಕೈಬಿಡಲಿಲ್ಲ. ಪ್ರತಿ ಫೋಲ್ಡರಿನೊಳಗೆ ಮೊದಲು ಶ್ರೀ ಎಂಬ ಫೋಲ್ಡರು ಮಾಡಿದ. ಅದೂ ಒಂದು ಫೋಲ್ಡರೇ ಅಲ್ಲವೇ? ಅದರೊಳಗೂ ಒಂದು ಶ್ರೀ.

“ಎಲ್ಲೀತನಾ ಮಾಡೀರಿ, ವಿರೂಪಾಕ್ಷಣ್ಣಾ?”

“ಇನ್ನಾ ಮುಗದಿಲ್ಲವ್ವಾ. ದಿನಾ ಹತ್ತು ಮಾಡ್ತೀನಿ,” ಎಂದ ವಿರೂಪಾಕ್ಷ, ನೊಂದ ದನಿಯಲ್ಲಿ. “ಕಡೀದಕ್ಕ ಶ್ರೀ ಇಲ್ದಂಗ ಹ್ಯಾಂಗ ಬಿಡ್ಲಿ?”

ಭುವನೇಶ್ವರಿ ಪುಟಕ್ಕೆ ಒಂದು ಸಾಲು ಸೇರಿಸಿದಳು: “ಶ್ರೀ ಎಂಬುದನ್ನು ಬಿಟ್ಟು ಮುಂದೆ ಹೋಗು.” ವೈಜನಾಥ ಸಾವಕಾರರು ಹಣೆಯ ವಿಭೂತಿ ಮುದುಡುವಷ್ಟು ಹುಬ್ಬು ಗಂಟಿಕ್ಕಿ ಓದಿದರು.

“ನನ್ನ ಆಫೀಸಿನ್ಯಾಗ ಕುಂತು ಶ್ರೀ ಬಿಡು ಅಂತ ಬರೀತೀ ಏನ್, ಬಾಯಿ?”

“ಮಶೀನಿಗಿ ಹೇಳ್ಲಿಕತ್ತೀನ್ರಿ, ಸಾವಕಾರ್ರ.”

“ಮಶೀನ್ ಆದ್ರೇನು? ನಮ್ಮ ಅನ್ನಾ ತಿಂತದ.”

“ಅದು ಕರೆಂಟ್ ತಿಂತದ್ರಿ.”

“ಕರೆಂಟ್ ಯಾರ್ದು?”

ಅವಳು ಆ ಸಾಲು ಅಳಿಸಿ ಬೇರೆ ಬೇರೆ ಮಾತು ಹಾಕಿ ತೋರಿಸಿದಳು. ದಾಟು ಬೇಡ, ಸರಿಸು ಬೇಡ, ಆ ಹೆಸರೇ ಬೇಡ ಎಂದು ಎರಡು ತಾಸು ಚೌಕಾಸಿ ನಡೆಯಿತು. ಗಡಿಯಾರ ಹತ್ತೂವರೆ ದಾಟಿದಾಗ ಅವಳಿಗೆ ಅಳುವೇ ಬಂದಿತ್ತು. ಆ ಅಳುವಿನಲ್ಲೇ ಒಂದು ಸಾಲು ಹೊಳೆಯಿತು: “ಯಾವುದೇ ಪಟ್ಟಿಯಲ್ಲಿ ಮೊದಲನೆಯದಕ್ಕೆ ಹೊರಗಿನಿಂದ ನಮಸ್ಕಾರ ಮಾಡಿ, ಎರಡನೆಯದರಿಂದ ಶುರು ಮಾಡು.”

“ಈಗ ನೋಡು, ಇದರಾಗ ಸಂಸ್ಕಾರ ಅದ,” ಎಂದರು ಸಾವಕಾರರು.

ನಾಲ್ಕೇ ನಿಮಿಷದಲ್ಲಿ ಏಜೆಂಟು ವರದಿ ಒಪ್ಪಿಸಿತು: “ಹನ್ನೆರಡು ನಮಸ್ಕಾರ ಸಂದಿವೆ. ನಕ್ಷೆ ಗುಂಜೋಟಿಗೆ ಹೋಗಿದೆ.” ಭುವನೇಶ್ವರಿ ಖುಷಿಯಿಂದ ಇಡೀ ಕಚೇರಿಗೆ ಪೇಢೆ ತರಿಸಿ ಹಂಚಿದಳು. ವಿರೂಪಾಕ್ಷ ಎರಡು ತಿಂದು ಮತ್ತೆ ಶ್ರೀ ಮಾಡಲು ಕುಳಿತ.

ಸಂಜೆ ಆರಕ್ಕೆ ಅವಳು ಗುಂಜೋಟಿಯಲ್ಲಿ ಬಸ್ಸಿಳಿದು ಮನೆಯ ಹತ್ತಿರ ಬಂದಳು. ಹಿಂದಿನ ಕೋಣೆಯ ಮೇಲೆ ಹಸಿ ಕಾಂಕ್ರೀಟು ಹೊಳೆಯುತ್ತಿತ್ತು. ಮುಂದಿನ ಕೋಣೆಗೆ ಹೊಡೆದ ಹಲಗೆಗಳನ್ನು ಬಿಚ್ಚಿ ಬದಿಗೆ ಒಟ್ಟಲಾಗಿತ್ತು, ನಾಲ್ಕು ಗೋಡೆಯ ಮೇಲೆ ಬರೀ ಆಕಾಶ.

“ಬಂದಂಗ ಮಾಡೀನ್ರಿ, ಅಕ್ಕಾರ,” ಎಂದು ಕಾಶೆಪ್ಪ ಫೋನು ತೋರಿಸಿದ. “ಮುಂದಿನ ಕೋಣೆ: ಹೊರಗಿನಿಂದ ನಮಸ್ಕಾರ. ಹಿಂದಿನ ಕೋಣೆ: ನಕ್ಷೆ ಲಗತ್ತಿಸಿದೆ,” ಎಂದಿತ್ತು ಅದರಲ್ಲಿ. “ನಾನೂ ಹೊರಗ ನಿಂತು ಕೈ ಮುಗದೀನ್ರಿ. ಆಳ್ಗಳ ಕಡಿಂದ್ಲೂ ಮುಗಿಸೀನಿ.”

ದುಪ್ಪಟ್ಟು ಕಬ್ಬಿಣದ ಹೊಸ ನಕ್ಷೆಗಳ ಫೋಲ್ಡರು ನಿನ್ನೆಯಷ್ಟೇ ಇಂಜಿನಿಯರರಿಂದ ಬಂದಿತ್ತು. ವಿರೂಪಾಕ್ಷನ ಕೈ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಅದರಲ್ಲಿ ಶ್ರೀ ಇರಲಿಲ್ಲ, ಮೊದಲಿಗಿದ್ದದ್ದು ಅತ್ತೆಯ ಕೋಣೆ. ಭುವನೇಶ್ವರಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಶಿವಗಂಗಾಬಾಯಿ ಆ ಕೋಣೆಯಲ್ಲೇ ಕೌದಿ ಹಾಸಿ ಕುಳಿತಿದ್ದಳು.

“ಅತ್ತೀ, ನನ್ನಿಂದ ತಪ್ಪಾತು. ನಾಳಿಗೇ ಹಾಕಸ್ತೀನಿ.”

“ಯಾಕ ಹಾಕಸ್ತೀ? ನಿನ್ನ ಮನಸ್ಸ ಮುರೀಬಾರದಂತ ಹೂಂ ಅಂದಿದ್ದೆ. ಮಲಗತಿದ್ದಿಲ್ಲ ನಾ. ಕುಂತು ಬೆಳಗ ಮಾಡ್ತಿದ್ದೆ.”

“ಮಳಿ ಬಂದ್ರ?”

“ಮಳಿಗಿ ತೊಯ್ದ ಮನಷಾ ಒಣಗ್ತಾನ,” ಎಂದಳು ಮುದುಕಿ. “ನಮ್ಮವ್ವನ ಮ್ಯಾಲಿನ ಕಲ್ಲು ಈ ಕೈಯಿಂದ ಮೂರ್ ದಿನಾ ತೆಗದೀನಿ, ಬಾಯಿ.”

ಎರಡು ವರ್ಷ ಗೋಗರೆದವಳು ಭುವನೇಶ್ವರಿಯೇ, ಆದರೆ ಸಾಸ್ತೂರಿನಲ್ಲಿ ಏನಾಗಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಕೌದಿಯ ಅಂಚಿನಲ್ಲಿ ಕುಳಿತು ಅತ್ತೆಯ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಸಾವಕಾರರ ಫೋನು ಬಂತು. ಕಾಶೆಪ್ಪ ಸುದ್ದಿ ಮುಟ್ಟಿಸಿದ್ದ. ಬೆಳಗಾಗುತ್ತಲೇ ಬೇರೆ ಆಳು ಕಳಿಸುತ್ತೇನೆ, ಸ್ಲ್ಯಾಬು ಹಾಕಿಸಿಬಿಡೋಣ ಎಂದರು.

“ಸ್ಲ್ಯಾಬ್ ಬ್ಯಾಡ್ರಿ, ಸಾವಕಾರ್ರ,” ಎಂದಳು ಭುವನೇಶ್ವರಿ. “ಎಂಟು ಪತ್ರಾ ಕಳಸ್ರಿ.”