ಕೆಂಚ ಅತ್ತದ್ದು ಕಿವಿನೋವಿಗೆ

ಸಿರಿಗೇರಿಯ ಶಿವಬಸಮ್ಮನ ಮನೆಗೆ ಆ ವರ್ಷ ಭತ್ತ ಚೆನ್ನಾಗಿ ಬಂದಿತ್ತು. ಆದರೆ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಗಂಡ ಕೊಟ್ರಬಸಪ್ಪ ಟೈಫಾಯ್ಡ್ ಜ್ವರದಿಂದ ಹಾಸಿಗೆ ಹಿಡಿದಿದ್ದ. ಬಳ್ಳಾರಿಯ ಡಾಕ್ಟರು ಔಷಧಿ ಕೊಟ್ಟು, ಜ್ವರ ನಿಧಾನವಾಗಿ ಇಳಿಯುತ್ತದೆ ಎಂದಿದ್ದರು. ಅಷ್ಟರಲ್ಲಿ ಮನೆಯ ನಾಯಿ ಕೆಂಚ ರಾತ್ರಿಯಾದರೆ ಸಾಕು, ನರಳಲು ಶುರುಮಾಡಿತು. ಒಮ್ಮೊಮ್ಮೆ ಊಳಿಡುತ್ತಿತ್ತು.

ನಾಯಿ ಅತ್ತರೆ ಯಮ ಓಣಿಗೆ ಬಂದ ಹಾಗೆ ಎಂದು ಕೇಳಿಕೊಂಡೇ ಬೆಳೆದವಳು ಶಿವಬಸಮ್ಮ. ಊಳು ನಿಲ್ಲಲೆಂದು ಗಂಡನ ಚಪ್ಪಲಿಗಳನ್ನು ಹೊಸ್ತಿಲಾಚೆ ಬೋರಲು ಹಾಕಿದಳು. ಚಪ್ಪಲಿಗಳು ಬೋರಲಾಗಿಯೇ ಬಿದ್ದಿದ್ದವು, ಕೆಂಚ ಸುಮ್ಮನಾಗಲಿಲ್ಲ. ಕಡೆಗೆ ಅದನ್ನು ಊರಾಚೆಯ ಕಣದಲ್ಲಿ ಕಟ್ಟಿ ಬಂದಳು. ಬರುವಾಗ ಹಿಂತಿರುಗಿ ಹಿಂತಿರುಗಿ ನೋಡಿದಳು. ಆದರೂ ಗಂಡನೋ ನಾಯಿಯೋ ಎಂದರೆ ಅವಳು ಇನ್ನೇನು ಮಾಡಿಯಾಳು?

ಒಂದು ಮಧ್ಯಾಹ್ನ ಪಕ್ಕದ ಮನೆಯ ಗಾದೆಮ್ಮ ಬಂದಳು. ಎಮ್ಮೆ ಸಾಕಿ ಹಾಲು ಮಾರುವವಳು, ಸಿರುಗುಪ್ಪದ ದನದ ದವಾಖಾನೆಗೆ ಆಗಾಗ ಹೋಗಿಬರುವವಳು.

"ಅಕ್ಕಾ, ಕಣದ ಕಡಿಗೆ ಹೋಗಿದ್ದೆ. ಕೆಂಚ ತಲಿ ಒಂದ್ ಕಡಿ ವಾಲಿಸ್ಕಂಡು ನಿಂತೈತಿ. ಕಿವಿ ಒದರತೈತಿ, ಕಾಲಿಂದ ಕೆರಕಂತೈತಿ. ರೊಟ್ಟಿ ಹಾಕಿದ್ರ ಮೂಸಿ ನೋಡಾಕೂ ಒಲ್ಲದು."

"ಅದರ ಹೆಸರು ಎತ್ತಬ್ಯಾಡ! ನನ್ನ ತಾಳಿ ಮ್ಯಾಲ ಕಣ್ಣು ಹಾಕೈತಿ ಅದು."

"ನಿನ್ನ ತಾಳಿ ಅದಕ್ಕೇನು ಗೊತ್ತಕ್ಕಾ? ಕಿವಿ ನೋಯತೈತಿ ಅದಕ್ಕ. ಬಾಯಿಲ್ಲದ ಪ್ರಾಣಿ, ಅಳದ ಇನ್ನೇನು ಮಾಡತೈತಿ?"

"ಹಂಗಾರ ಹಗಲೊತ್ತು ಸುಮ್ಮಕಿದ್ದು ರಾತ್ರಿನ ಯಾಕ ಅಳತೈತಿ?"

"ಹೋದ ವರ್ಷ ನಿನಗ ಹಲ್ಲು ನೋವು ಬಂದಾಗ ಹೆಚ್ಚು ಕಾಡಿದ್ದು ಯಾವಾಗ? ಹಗಲು ಗದ್ದಲದಾಗ ನೋವು ಮರೀತೈತಿ. ಊರು ಮಲಗಿದ ಮ್ಯಾಲ ನೋವು ಒಂದ ಉಳೀತೈತಿ."

ಶಿವಬಸಮ್ಮ ಸ್ವಲ್ಪ ಮೆತ್ತಗಾದಳು. "ಮೊದಲೂ ನಿದ್ದಿಯಾಗ ಗುರ್ ಅಂತಿತ್ತಲ್ಲ?"

"ಅದು ಕನಸು. ಕಾಲು ಆಡಿಸಿ ಸುಮ್ಮಕಾಗತೈತಿ, ಅಂಜಬಾರದು. ಎದ್ದು ಕುಂತು ನರಳಿದ್ರ, ದಿನಾ ನರಳಿದ್ರ, ಕೂಳು ಬಿಟ್ರ, ಅದು ಬ್ಯಾನಿ. ನಡಿ, ದವಾಖಾನಿಗೆ ಒಯ್ಯಾಣು."

ನೊಂದ ನಾಯಿ ಸಾಕಿದವರನ್ನೂ ಕಚ್ಚೀತೆಂದು ಮೆತ್ತನೆ ಬಟ್ಟೆಯಿಂದ ಬಾಯಿ ಕಟ್ಟಿ, ಗಾಡಿಯಲ್ಲಿ ಸಿರುಗುಪ್ಪಕ್ಕೆ ಒಯ್ದರು. ಡಾಕ್ಟರು ಕಿವಿಯೊಳಗಿಂದ ಭತ್ತದ ತೆನೆಯ ಚೂಪು ಮುಳ್ಳೊಂದನ್ನು ತೆಗೆದರು. ಸುಗ್ಗಿಯಲ್ಲಿ ರಾಶಿ ಕಾಯುತ್ತಾ ಕೆಂಚ ಹುಲ್ಲಿನಲ್ಲಿ ಮಲಗಿದಾಗ ಅದು ಹೊಕ್ಕಿತ್ತು. ಒಳಗೆಲ್ಲ ಕೀವು.

"ಶುರುವಿಗೇ ತಂದಿದ್ರ ಚಿಮಟದಾಗ ಮುಗಿಯೋ ಕೆಲಸ ಇತ್ತಮ್ಮಾ," ಎಂದರು ಅವರು. "ಈಗ ನಂಜು ತಲಿಗೇರೈತಿ. ಔಷಧಿ ಕೊಡ್ತೀನಿ, ನೋಡ್ರಿ."

ಶಿವಬಸಮ್ಮ ಕೆಂಚನನ್ನು ಕಣಕ್ಕೆ ಒಯ್ಯಲಿಲ್ಲ. ಮನೆಯ ಪಡಸಾಲೆಯಲ್ಲೇ ಗೋಣಿಚೀಲ ಹಾಸಿ ಮಲಗಿಸಿ, ಔಷಧಿ ಹಾಕಿ, ಬಾಯಿಗೆ ಹನಿ ಹನಿ ನೀರು ಬಿಟ್ಟಳು. ಆದರೆ ಆ ವಾರವೇ ಕೆಂಚ ಸತ್ತಿತು. ಊರಾಚೆ ಕಟ್ಟಿ ಬಂದವಳ ಕೈಯನ್ನೇ ನೆಕ್ಕುತ್ತಾ ಸತ್ತಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಕೊಟ್ರಬಸಪ್ಪನ ಜ್ವರ ಇಳಿಯಿತು. ಎದ್ದು ಕುಳಿತ ದಿನ ನಾಯಿಯನ್ನು ಕೇಳಿದ. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಅವನು ಬೈಯಲಿಲ್ಲ.

"ಅಲ್ಲಲೇ, ನಾನೂ ನರಳಿದೆ. ನನ್ನ ಬಳ್ಳಾರಿಗೆ ಕರ್ಕಂಡು ಹೋದಿ. ಅದೂ ನರಳಿತಲ್ಲ..." ಎಂದಷ್ಟೇ ಹೇಳಿ ಗೋಡೆಗೆ ಮುಖ ತಿರುಗಿಸಿದ.

ಇಂದಿಗೂ ಶಿವಬಸಮ್ಮ ಓಣಿಯಲ್ಲಿ ಯಾರ ನಾಯಿ ನರಳಿದರೂ ಬೆಳಗಾಗುತ್ತಲೇ ಆ ಮನೆಗೆ ಹೋಗಿ, "ಕಿವಿ ನೋಡ್ರಿ, ಕಾಲು ನೋಡ್ರಿ, ದವಾಖಾನಿಗೆ ಒಯ್ಯಿರಿ" ಎಂದು ಹೇಳಿ ಬರುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿ ರಾತ್ರಿ ನರಳಿದರೆ ಶಕುನ ಕೇಳಬೇಡಿ. ಕಿವಿಗೆ ಕಾದ ಎಣ್ಣೆ ಬಿಡಬೇಡಿ, ದೂರ ಕಟ್ಟಬೇಡಿ. ಎಲ್ಲಿ ನೋವೆಂದು ಹಗಲಿನಲ್ಲಿ ಗಮನಿಸಿ, ದನದ ದವಾಖಾನೆಗೆ ತೋರಿಸಿ. ಶಿವಬಸಮ್ಮನಿಗೆ ಕೆಂಚ ಇನ್ನು ಸಿಗುವುದಿಲ್ಲ. ನಿಮ್ಮ ನಾಯಿ ಇನ್ನೂ ನಿಮ್ಮ ಬಾಗಿಲಲ್ಲೇ ಇದೆ.