ಬೆನ್ನೆಲುಬಿನ ಮಾತು

ಸಂಸತ್ತಿನ ಸಭಾಂಗಣದಲ್ಲಿ, ಪ್ರೇಕ್ಷಕರು ಕೂರುವ ಗ್ಯಾಲರಿಗೂ ಮೇಲೆ, ಗಾಜಿನ ಗೂಡುಗಳ ಒಂದು ಸಾಲಿತ್ತು. ಅವು ದುಭಾಷಿಗಳ ಗೂಡುಗಳು. ಕೆಳಗೆ ಸದಸ್ಯರು ಒಂದು ಭಾಷೆಯಲ್ಲಿ ಆಡಿದ್ದನ್ನು ಇವರು ಬೆನ್ನಿಗೇ ಇನ್ನೊಂದು ಭಾಷೆಯಲ್ಲಿ ಮೈಕಿಗೆ ಹೇಳಬೇಕು. ಆಡಿದ ಭಾಷೆ ತಿಳಿಯದವರು ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಕೇಳುತ್ತಾರೆ. ರೇಡಿಯೋದಲ್ಲೂ ಅದೇ ದನಿ ಹೋಗುತ್ತದೆ. ಈ ಕೆಲಸದಲ್ಲಿ "ಮಂತ್ರಿಗಳು ಹೀಗಂದರು" ಅನ್ನುವ ಹಾಗಿಲ್ಲ. ಮಂತ್ರಿ "ನಾನು" ಅಂದರೆ ದುಭಾಷಿಯೂ "ನಾನು" ಅನ್ನಬೇಕು. ಅವರು ರೇಗಿದರೆ ಇವರೂ ರೇಗಬೇಕು, ಅವರು ನಕ್ಕರೆ ಇವರ ದನಿಯಲ್ಲೂ ನಗು ಬರಬೇಕು.

ಅಕ್ಕತಂಗಿಯರಿಬ್ಬರಲ್ಲಿ ತಂಗಿ ಇಂಥದೊಂದು ಗೂಡಿನಲ್ಲಿ ಕೂರುತ್ತಿದ್ದಳು. ಎರಡೂ ಭಾಷೆಗಳು ಅವಳ ನಾಲಿಗೆ ತುದಿಯಲ್ಲಿದ್ದವು. ಬಜೆಟ್ ಅಧಿವೇಶನ ಬಂತೆಂದರೆ ಗಂಟಲು ಕಟ್ಟುತ್ತಿತ್ತು, ಅಷ್ಟು ಬಿಟ್ಟರೆ ಕೆಲಸದ ಬಗ್ಗೆ ಅವಳದೇನೂ ತಕರಾರಿರಲಿಲ್ಲ. ಒಂದು ವರ್ಷ ಶಾಲೆಗಳ ಖರ್ಚು ಕಡಿಮೆ ಮಾಡಿ ಅಂತ ಒಬ್ಬರು ವಾದಿಸಿದರೆ ಮರುವರ್ಷ ಅವರೇ ಜಾಸ್ತಿ ಮಾಡಿ ಅಂತ ಮೇಜು ಕುಟ್ಟುತ್ತಿದ್ದರು. ಎರಡನ್ನೂ ಅವಳು ಅದೇ ಮೈಕಿಗೆ ಹೇಳಿ, ಬಸ್ಸು ಹತ್ತಿ, ಮನೆಗೆ ಬಂದು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. "ಅಷ್ಟೊಂದು ಮಾತು ತಲೇಲಿ ಹೇಗೆ ಇಟ್ಕೋತೀಯೇ?" ಎಂದು ಅಕ್ಕ ಒಮ್ಮೆ ಕೇಳಿದ್ದಕ್ಕೆ, "ಇಟ್ಕೊಳ್ಳೋದೇ ಇಲ್ಲ. ಕಿವಿಯಿಂದ ಬಾಯಿಗೆ ಸೀದಾ ಒಂದು ಕೊಳವೆ ಇದೆ. ತಲೆ ಆ ದಾರೀಲಿ ಸಿಗಲ್ಲ" ಎಂದಿದ್ದಳು. ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು.

ಅಕ್ಕ ಇದ್ದದ್ದು ಊರಾಚೆಯ ಒಂದು ಸರ್ಕಾರಿ ಆರೈಕೆ ಮನೆಯಲ್ಲಿ. ಮಹಡಿಯಿಂದ, ಮರದಿಂದ, ಲಾರಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಆಸ್ಪತ್ರೆಯವರು ಹೊಲಿಗೆ ಹಾಕಿ ಕಳಿಸಿದ ಮೇಲೆ ಬದುಕುವುದನ್ನು ಕಲಿಸುವ ಜಾಗ ಅದು. ಹಾಸಿಗೆಯಿಂದ ಗಾಲಿಕುರ್ಚಿಗೆ ಜಾರುವುದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಎರಡು ಉಕ್ಕಿನ ಸರಳುಗಳ ನಡುವೆ ತೋಳಿನ ಬಲದಲ್ಲಿ ಎದ್ದು ನಿಲ್ಲುವುದು. ಅಕ್ಕ ಅಲ್ಲಿಯ ಫಿಸಿಯೋಥೆರಪಿಸ್ಟ್. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ, ಅದೇ ಕಟ್ಟಡದ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ ಹೂಡಿದ್ದಳು.

ಆ ವರ್ಷದ ಬಜೆಟ್ಟಿನಲ್ಲಿ ಈ ಮನೆಯನ್ನು ದೊಡ್ಡಾಸ್ಪತ್ರೆಯೊಂದಿಗೆ ವಿಲೀನ ಮಾಡುವುದಾಗಿ ಒಂದು ಸಾಲು ಬಂತು. ವಿಲೀನ ಅಂದರೆ ಮುಚ್ಚುವುದು ಅಂತ ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಸರಳುಗಳೂ ಇರಲಿಲ್ಲ, ಅವನ್ನು ನಿಲ್ಲಿಸಲು ಜಾಗವೂ ಇರಲಿಲ್ಲ. ಅವಳು ಆ ಭಾಗದ ಸಂಸತ್ ಸದಸ್ಯರ ಮನೆ ಬಾಗಿಲಿಗೆ ಹೋದಳು. ವಿರೋಧ ಪಕ್ಷದವರು, ದೊಡ್ಡ ಗಂಟಲು. ಊರೆಲ್ಲ ಅವರನ್ನು ಗುಡುಗಪ್ಪ ಎಂದೇ ಕರೆಯುತ್ತಿತ್ತು, ಅವರಿಗೂ ಅದು ಇಷ್ಟವೇ.

ಗುಡುಗಪ್ಪ ಬರುತ್ತೇನೆಂದ ದಿನ ಬಂದೇಬಂದರು. ಹಾಸಿಗೆ ಹಾಸಿಗೆಗೂ ನಿಂತು ಮಾತಾಡಿಸಿದರು. ಗಾರೆ ಕೆಲಸದ ಮೇಸ್ತ್ರಿಯೊಬ್ಬ, ಕಟ್ಟಡಕ್ಕೆ ಕಟ್ಟಿದ್ದ ಮರದ ಸಾರ್ವೆ ಕಳಚಿ ಬಿದ್ದು ಸೊಂಟದ ಕೆಳಗೆ ಸ್ಪರ್ಶ ಕಳೆದುಕೊಂಡವನು, ಅವರೆದುರು ಸರಳು ಹಿಡಿದು ಎದ್ದು ನಿಂತ. ಅವನ ತೋಳು ಗಡಗಡ ನಡುಗುತ್ತಿತ್ತು. ಗುಡುಗಪ್ಪನವರ ಕಣ್ಣಲ್ಲಿ ನೀರು ಬಂತು. ಅದು ನಾಟಕವಲ್ಲ, ಅಕ್ಕ ಪಕ್ಕದಲ್ಲೇ ನಿಂತು ನೋಡಿದಳು.

"ಕಡಿತ ಸೂಚನೆ ಕೊಡ್ತೀನಮ್ಮ" ಎಂದರು ಅವರು. "ಆರೋಗ್ಯ ಇಲಾಖೆ ಕೇಳಿರೋ ಹಣದಲ್ಲಿ ಒಂದೇ ಒಂದು ನಾಣ್ಯ ಕಡಿಮೆ ಮಾಡಿ ಅಂತ. ಲೆಕ್ಕಕ್ಕಲ್ಲ, ಪ್ರತಿಭಟನೆಗೆ. ಸೂಚನೆ ಕೊಟ್ರೆ ನನಗೆ ಮಾತಾಡೋಕೆ ಸಮಯ ಸಿಗುತ್ತೆ. ಆಮೇಲೆ ನೋಡಿ ಹೇಗೆ ಗುಡುಗ್ತೀನಿ."

ಅಕ್ಕ ಅಂದೇ ತಂಗಿಗೆ ಫೋನ್ ಮಾಡಿದಳು. "ಆರೋಗ್ಯ ಮಂತ್ರಿಗೆ ನಮ್ಮ ಭಾಷೆ ಬರಲ್ಲ ಅಲ್ವೇನೇ? ಹಾಗಾದ್ರೆ ಗುಡುಗಪ್ಪ ಹೇಳಿದ್ದು ಅವರಿಗೆ ಕೇಳಿಸೋದು ನಿನ್ನ ಬಾಯಿಂದ!"

"ನಾನೋ, ನನ್ನ ಜೊತೆಗಾರನೋ. ಅರ್ಧರ್ಧ ಗಂಟೆ ಹಂಚ್ಕೋತೀವಿ."

"ನೀನೇ ಆಗಿರು. ಚೆನ್ನಾಗಿ ಹೇಳು."

"ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಕಣಕ್ಕ. ನನ್ನದು ಅಂತ ಒಂದು ಮಾತೂ ಸೇರಿಸೋ ಹಾಗಿಲ್ಲ."

"ಸೇರಿಸು ಅಂದ್ನಾ ನಾನು? ಚೆನ್ನಾಗಿ ಹೇಳು ಅಂದೆ."

ಗುಡುಗಪ್ಪ ಮಾತಾಡಬೇಕಿದ್ದ ದಿನವೇ ಇಲಾಖೆಗಳ ಹಣದ ಬೇಡಿಕೆಗಳ ಚರ್ಚೆಗೆ ಕೊನೆಯ ದಿನ. ಸಂಜೆ ಆರು ಹೊಡೆದರೆ ಚರ್ಚೆ ಅಲ್ಲಿಗೆ ತುಂಡು. ಇನ್ನೂ ಮಾತಾಡದೆ ಉಳಿದ ಇಲಾಖೆಗಳೆಲ್ಲವನ್ನೂ ಒಟ್ಟು ಮೂಟೆ ಕಟ್ಟಿ ಮತಕ್ಕೆ ಹಾಕುವುದು ಪದ್ಧತಿ. ಬೆಳಗಿನಿಂದ ರಸ್ತೆ, ಬಂದರು, ಸೈನಿಕರ ಪಿಂಚಣಿ ಎಂದೆಲ್ಲ ಎಳೆದಾಡಿ, ಆರೋಗ್ಯ ಇಲಾಖೆ ಬರುವಷ್ಟರಲ್ಲಿ ಅರ್ಧ ಕುರ್ಚಿಗಳು ಖಾಲಿ. ಇದ್ದವರಲ್ಲಿ ಕೆಲವರು ಫೋನು ನೋಡುತ್ತಿದ್ದರು, ಒಬ್ಬರು ಕನ್ನಡಕ ತೆಗೆದಿಟ್ಟು ನಿದ್ದೆ ಮಾಡುತ್ತಿದ್ದರು. ಗೂಡಿನಲ್ಲಿ ಜೊತೆಗಾರನ ಸರದಿ ನಡೆದಿತ್ತು. ಸಭಾಧ್ಯಕ್ಷರು ಗುಡುಗಪ್ಪನವರ ಹೆಸರು ಕರೆದಾಗ ಸರದಿ ಬದಲಾಗುವುದರಲ್ಲಿತ್ತು. ಅಕ್ಕನ ವಿಷಯ ಅವನಿಗೆ ಗೊತ್ತಿತ್ತು. ಮೈಕ್ ಮುಚ್ಚಿ, "ಬೇಕಾದ್ರೆ ಇದನ್ನೂ ನಾನೇ ಮುಗಿಸ್ತೀನಿ. ನೀವು ಹೊರಗೆ ಹೋಗಿ ನೀರು ಕುಡಿದು ಬನ್ನಿ" ಎಂದ.

"ಬೇಡ, ನಾನೇ ಮಾಡ್ತೀನಿ" ಎಂದು ಅವಳು ಮೈಕ್ ತನ್ನ ಕಡೆ ಎಳೆದುಕೊಂಡಳು.

ಗುಡುಗಪ್ಪ ಚೆನ್ನಾಗಿಯೇ ಶುರುಮಾಡಿದರು. "ಸಾರ್ವೆಯಿಂದ ಬಿದ್ದ ಮನುಷ್ಯನೊಬ್ಬ ನನ್ನ ಕಣ್ಣೆದುರು ಎದ್ದು ನಿಂತ" ಎಂದರು. ಅವಳು ಅದನ್ನು ಇನ್ನೊಂದು ಭಾಷೆಗೆ ದಾಟಿಸಿದಳು. ಕೆಳಗೆ ಮಂತ್ರಿ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡದ್ದು ಕಾಣಿಸಿತು. "ಅವನ ತೋಳು ನಡುಗುತ್ತಿತ್ತು, ಆದರೂ ಅವನು..." ಅನ್ನುವಷ್ಟರಲ್ಲಿ ಆಡಳಿತ ಪಕ್ಷದ ಹಿಂದಿನ ಬೆಂಚಿನಿಂದ ಯಾರೋ, "ಇಷ್ಟು ವರ್ಷ ಎಲ್ಲಿ ಮಲಗಿದ್ರಿ ಸ್ವಾಮಿ?" ಎಂದು ಕೂಗಿದರು. ಗುಡುಗಪ್ಪ ಮಾತು ನಿಲ್ಲಿಸಿ ಆ ಕಡೆ ತಿರುಗಿದರು. ತಿರುಗಬಾರದಿತ್ತು.

"ಮಲಗೋ ವಿಷಯ ನೀವು ಆಡ್ತೀರಾ? ಬೆನ್ನೆಲುಬೇ ಇಲ್ಲದ ಸರ್ಕಾರ ನಿಮ್ಮದು! ಮೊದಲು ನಿಮ್ಮ ಇಡೀ ಮಂತ್ರಿಮಂಡಲವನ್ನೇ ಆ ಮನೆಗೆ ಸೇರಿಸಬೇಕಿತ್ತು. ಅಯ್ಯೋ, ಅಷ್ಟರಲ್ಲಿ ಅದನ್ನೂ ಮುಚ್ಚಿಬಿಟ್ರಲ್ಲಪ್ಪ!"

ವಿರೋಧ ಪಕ್ಷದವರು ಮೇಜು ಬಡಿದರು. ಗೂಡಿನಲ್ಲಿ ಅವಳಿಗೆ ಒಂದು ತೊಡಕು ಬಂತು. ಆ ಇನ್ನೊಂದು ಭಾಷೆಯಲ್ಲಿ ಪುಕ್ಕಲರಿಗೆ ಬೆನ್ನೆಲುಬಿಲ್ಲ ಅನ್ನುವುದಿಲ್ಲ, ಮೊಣಕಾಲಿಲ್ಲ ಅನ್ನುತ್ತಾರೆ. ಉಸಿರೆಳೆಯುವಷ್ಟೂ ಪುರುಸೊತ್ತಿಲ್ಲ. ಅವಳ ಬಾಯಿ ತಾನಾಗಿಯೇ ದಾರಿ ಹುಡುಕಿಕೊಂಡಿತು: "ಮೊಣಕಾಲೇ ಇಲ್ಲದ ಸರ್ಕಾರವಿದು. ಎದ್ದು ನಿಲ್ಲುವುದನ್ನು ಕಲಿಸುವ ಒಂದೇ ಮನೆ ಇತ್ತು. ಕಲಿಯಲು ಹೋಗುವ ಬದಲು ಅದಕ್ಕೇ ಬೀಗ ಹಾಕಿದಿರಿ!" ಮೂಲಕ್ಕಿಂತ ಚುರುಕಾಗಿತ್ತು. ಗುಡುಗಪ್ಪನವರ ದನಿಯ ತುಂಟತನವೂ ಅದರಲ್ಲಿತ್ತು. ಇಯರ್‌ಫೋನ್ ಹಾಕಿದ್ದ ಮಂತ್ರಿ ಎಲ್ಲರಿಗಿಂತ ತುಸು ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕರು. ಅವರು ನಕ್ಕರೆಂದು ಅವರ ಪಕ್ಷದವರೂ ನಕ್ಕರು. ನಿದ್ದೆ ಮಾಡುತ್ತಿದ್ದವರು ಎದ್ದು ಏನಾಯಿತೆಂದು ಪಕ್ಕದವರನ್ನು ಕೇಳಿದರು. ಜೊತೆಗಾರ ಹೆಬ್ಬೆರಳೆತ್ತಿ ಶಭಾಷ್ ಎಂದು ತೋರಿಸಿ, ಆಮೇಲೆ ಅವಳ ಅಕ್ಕನ ವಿಷಯ ನೆನಪಾಗಿ ಕೈ ಇಳಿಸಿಕೊಂಡ.

ಸಭೆ ನಕ್ಕ ರುಚಿ ಹತ್ತಿದ ಮೇಲೆ ಗುಡುಗಪ್ಪ ಮತ್ತೆ ಮೇಸ್ತ್ರಿಯ ಕಡೆ ಬರಲೇ ಇಲ್ಲ. ಮಂತ್ರಿಗಳ ವಿದೇಶ ಪ್ರವಾಸ, ಅವರ ಹೊಸ ಕಾರು, ಕಾರಿನ ಮೆತ್ತನೆ ಸೀಟು ಎಂದು ಒಂದೊಂದೇ ಪಟಾಕಿ ಹಚ್ಚಿದರು. ಸಭಾಧ್ಯಕ್ಷರ ಗಂಟೆ ಮೊಳಗಿತು. "ಒಂದೇ ನಿಮಿಷ, ಮುಖ್ಯ ವಿಷಯಕ್ಕೆ ಈಗ ಬರ್ತಿದ್ದೆ" ಎಂದರು. ಗಂಟೆ ಇನ್ನೊಮ್ಮೆ ಮೊಳಗಿತು. ಮೈಕ್ ಆರಿತು. ಅವರು ಕುಳಿತರು, ಬೆವರೊರೆಸಿಕೊಂಡರು, ಅಕ್ಕಪಕ್ಕದವರು ಬೆನ್ನು ತಟ್ಟಿದರು.

ಮಂತ್ರಿ ಉತ್ತರಕ್ಕೆ ಎದ್ದರು. ಈಗ ಅವಳು ಅವರ ಮಾತನ್ನು ನಮ್ಮ ಭಾಷೆಗೆ ತರಬೇಕಿತ್ತು.

"ಮಾನ್ಯ ಸದಸ್ಯರಿಗೆ ನನ್ನ ಕಾಲಿನ ಬಗ್ಗೆ ಇಷ್ಟು ಕಾಳಜಿ ಇರುವುದು ಕೇಳಿ ಸಂತೋಷವಾಯಿತು" ಎಂದಿತು ಅವಳ ದನಿ, ಮಂತ್ರಿಯ ಹಾಗೆಯೇ ರಾಗವಾಗಿ. "ಹೋದ ಚುನಾವಣೆಗೆ ಮುಂಚೆ ಅವರು ಕೂತಿದ್ದು ನಮ್ಮ ಬೆಂಚಿನಲ್ಲೇ. ಇಲ್ಲಿಂದ ಅಲ್ಲಿಗೆ ಹಾರಿದ ರಭಸಕ್ಕೆ ಏನಾದರೂ ಮುರಿದಿದ್ದರೆ ಹೇಳಲಿ. ವಿಲೀನ ಮಾಡುವಾಗ ಅವರಿಗಾಗಿ ಒಂದು ಹಾಸಿಗೆ ಉಳಿಸಿಕೊಡುತ್ತೇನೆ." ಸಭೆ ಘೊಳ್ಳೆಂದಿತು. ಗುಡುಗಪ್ಪನವರೂ ನಕ್ಕರು. "ಇನ್ನು ಆ ಮನೆಯ ವಿಚಾರ. ಅದರ ಅಗತ್ಯ ಈಗ ಉಳಿದಿಲ್ಲ ಎಂದು ನಾನು ತೀರ್ಮಾನಿಸಿದ್ದೇನೆ."

ನಾನು ತೀರ್ಮಾನಿಸಿದ್ದೇನೆ. ಅವಳು ಅದನ್ನು ಸ್ಪಷ್ಟವಾಗಿ, ತಡವರಿಸದೆ ಹೇಳಿದಳು.

ಅಷ್ಟರಲ್ಲಿ ಆರು ಹೊಡೆಯಿತು. ಕಡಿತ ಸೂಚನೆ ಮತದಲ್ಲಿ ಬಿದ್ದುಹೋಯಿತು. ಉಳಿದ ಬೇಡಿಕೆಗಳೆಲ್ಲ ಮೂಟೆಯಲ್ಲಿ ಹೋದವು. ಒಪ್ಪುವವರು ಹೌದೆನ್ನಿ ಎಂದರು ಸಭಾಧ್ಯಕ್ಷರು. ಹೌದು ಎಂದರು. ಒಪ್ಪದವರು ಇಲ್ಲವೆನ್ನಿ. ಇಲ್ಲ ಎಂದರು. ಹೌದುಗಳು ಗೆದ್ದವು. ಕೆಳಗೆ ಕುರ್ಚಿ ಎಳೆದಾಡುವ ಸದ್ದಾಯಿತು. ಅವಳು ಇಯರ್‌ಫೋನ್ ತೆಗೆದು, ಸ್ಪಂಜನ್ನು ಬಟ್ಟೆಯಿಂದ ಒರೆಸಿ, ಕೊಕ್ಕೆಗೆ ನೇತುಹಾಕಿದಳು.

ಲಿಫ್ಟಿನ ಬಳಿ ಗುಡುಗಪ್ಪನವರೇ ಸಿಕ್ಕರು. "ನೀವೇ ಅಲ್ವಾ ಇವತ್ತು ನನ್ನ ದನಿ?" ಎಂದು ಕೈ ಮುಗಿದರು. "ನನ್ನ ಜೋಕು ನಿಮ್ಮ ಬಾಯಲ್ಲಿ ಭಾರಿ ಚೆನ್ನಾಗಿತ್ತಂತೆ. ಮಂತ್ರಿಗಳೇ ಹೇಳಿ ಕಳಿಸಿದ್ರು."

"ಸರ್, ಆ ಮನೇಲಿರೋದು ನಮ್ಮಕ್ಕ" ಎಂದಳು.

"ಯಾವ ಮನೆ?" ಎಂದವರು ಕ್ಷಣ ಬಿಟ್ಟು, "ಓ! ಆ ಅಮ್ಮನ ತಂಗಿಯಾ ನೀವು? ಛೆ, ಹೇಳಬೇಕು ಅಂತ ಎಷ್ಟೊಂದಿತ್ತು. ಸಮಯವೇ ಕೊಡಲಿಲ್ಲ ನೋಡಿ" ಎಂದರು. ಮುಖದಲ್ಲಿ ನಿಜವಾದ ಬೇಸರವಿತ್ತು. ಲಿಫ್ಟ್ ಬಂತು. ಹತ್ತಿ ಹೋದರು. ಅವಳು ಮೆಟ್ಟಿಲಿಳಿದಳು.

ಬಸ್ಸಿನಲ್ಲಿರುವಾಗ ಅಕ್ಕನ ಫೋನ್ ಬಂತು.

"ಕೇಳಿಸ್ಕೊಂಡ್ವಿ. ಎಲ್ಲಾರೂ ದೊಡ್ಡ ಕೋಣೇಲಿ ರೇಡಿಯೋ ಹಾಕ್ಕೊಂಡು ಕೂತಿದ್ವಿ."

"ಹೂಂ."

"ಹಾಸಿಗೆ ಉಳಿಸಿಕೊಡ್ತೀನಿ ಅಂದಾಗ ಮೇಸ್ತ್ರಿ ನಕ್ಕುಬಿಟ್ಟ. ಅವನು ನಕ್ಕ ಅಂತ ಉಳಿದವರೂ ನಕ್ಕರು." ಆಮೇಲೆ ಅಕ್ಕ, "ನಿನ್ನ ದನೀಲಿ ನಗು ಇತ್ತು ಕಣೇ" ಎಂದಳು.

"ಅದು ಮಂತ್ರಿಗಳ ನಗು ಅಕ್ಕ."

"ಗೊತ್ತು. ಕೇಳಿಸಿದ್ದು ನಿನ್ನದು."

ತಂಗಿ ಕಿಟಕಿಯಾಚೆ ನೋಡಿದಳು. ಅಂಗಡಿಯವರು ದೀಪ ಹಾಕುತ್ತಿದ್ದರು. ಅಳು ಬರಬಹುದೆಂದು ಕಾದಳು, ಬರಲಿಲ್ಲ. "ಊಟ ಮಾಡಿದ್ಯಾ?" ಎಂದು ಕೇಳಿದಳು. "ಇನ್ನೂ ಇಲ್ಲ" ಎಂದು ಅಕ್ಕ ಫೋನಿಟ್ಟಳು.

ಬೇಸಿಗೆ ಕಳೆಯುವುದರೊಳಗೆ ಮನೆ ಖಾಲಿಯಾಯಿತು. ದೊಡ್ಡಾಸ್ಪತ್ರೆಯವರು ಕೆಲವರನ್ನು ಸೇರಿಸಿಕೊಂಡರು, ಉಳಿದವರನ್ನು ಅವರವರ ಮನೆಯವರು ಕರೆದೊಯ್ದರು. ಉಕ್ಕಿನ ಸರಳುಗಳನ್ನು ಲಾರಿಗೆ ಏರಿಸಿದ್ದನ್ನು ಅಕ್ಕ ನೋಡಿದಳು, ಎಲ್ಲಿಗೆ ಹೋದವೋ ಗೊತ್ತಾಗಲಿಲ್ಲ. ಅವಳು ಎರಡು ಪೆಟ್ಟಿಗೆ ಹಿಡಿದು ತಂಗಿಯ ಮನೆಗೆ ಬಂದಳು. ಮೊಣಕೈ ನೋವು, ಕುತ್ತಿಗೆ ನೋವು ಅಂತ ಬರುವವರ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿತು. ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುತ್ತಿದ್ದರು. ಸಂಸತ್ತಿನ ಮಾತು ಮನೆಯಲ್ಲಿ ಬರುತ್ತಿರಲಿಲ್ಲ. ರೇಡಿಯೋ ಇತ್ತು, ಹಾಡಿಗೆ ಮಾತ್ರ ಹಾಕುತ್ತಿದ್ದರು.

ಒಂದು ದಿನ ತರಕಾರಿ ಹೆಚ್ಚುತ್ತಾ ಅಕ್ಕ ಕೇಳಿದಳು. "ಅವತ್ತು ಅಲ್ಲಿ ಕೂತಾಗ ನಿನಗೇನೂ ಅನ್ನಿಸಲಿಲ್ವಾ?"

ತಂಗಿ ಸುಳ್ಳು ಹೇಳಲಿಲ್ಲ. "ಇಲ್ಲ ಅಕ್ಕ. ಆಮೇಲೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತಲ್ಲ ಅಂತ ಮಾತ್ರ ಅನ್ನಿಸುತ್ತೆ."

ಅಕ್ಕ ಬೈಯಲಿಲ್ಲ. ಹೆಚ್ಚಿದ್ದನ್ನು ಪಾತ್ರೆಗೆ ಸುರಿದು, "ಭಾನುವಾರ ಮೇಸ್ತ್ರಿಯನ್ನ ನೋಡೋಕೆ ಹೋಗ್ತಿದೀನಿ. ನೀನೂ ಬಾ" ಎಂದಳು.

ಮೇಸ್ತ್ರಿ ತನ್ನ ತಮ್ಮನ ಮನೆಯಲ್ಲಿದ್ದ. ಎರಡನೇ ಮಹಡಿ, ಕಡಿದಾದ ಮೆಟ್ಟಿಲು; ಗಾಲಿಕುರ್ಚಿಯನ್ನು ಕೆಳಗೆ ಸೈಕಲ್ಲುಗಳ ಪಕ್ಕ ನಿಲ್ಲಿಸಿದ್ದರು. ಬಂದಾಗಿನಿಂದ ಅವನು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ತೋಳು ಸೊರಗಿದ್ದವು. ಅಕ್ಕನನ್ನು ಕಂಡು ಮುಖ ಅರಳಿತು. "ರೇಡಿಯೋದವರೂ ಬಂದ್ರಾ!" ಎಂದು ತಂಗಿಗೂ ಕುರ್ಚಿ ತೋರಿಸಿದ. "ಭಾರಿ ಮಜಾ ಇತ್ತು ಬಿಡಿ ಅವತ್ತು. ನನ್ನ ವಿಷಯಕ್ಕೆ ಅಷ್ಟು ದೊಡ್ಡೋರೆಲ್ಲ ನಕ್ಕರಲ್ಲ." ಅವನ ಮಾತಿನಲ್ಲಿ ಕೊಂಕಿರಲಿಲ್ಲ.

ಅಕ್ಕ ಹೊದಿಕೆ ಸರಿಸಿ, ಹಿಮ್ಮಡಿಯ ಹುಣ್ಣು ನೋಡಿ, ತುಟಿ ಬಿಗಿಹಿಡಿದಳು. ತಮ್ಮನ ಹೆಂಡತಿಯಿಂದ ಬಿಸಿನೀರು, ಹತ್ತಿ ತರಿಸಿದಳು. ತೊಳೆದು ಕಟ್ಟಿದ ಮೇಲೆ, "ಇಲ್ಲಿ ಹಿಡ್ಕೋ" ಎಂದು ಅವನ ಇನ್ನೊಂದು ಕಾಲನ್ನು ತಂಗಿಯ ಕೈಗೆ ಕೊಟ್ಟಳು. "ಒಂದು ಕೈ ಮಂಡಿ ಕೆಳಗೆ, ಒಂದು ಪಾದಕ್ಕೆ. ನಿಧಾನಕ್ಕೆ ಮಡಚು. ಬಲವಂತ ಮಾಡಬೇಡ."

ಕಾಲು ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು, ತಣ್ಣಗಿತ್ತು. ಅವಳು ಮಡಚಿದಳು, ನೀಡಿದಳು, ಮತ್ತೆ ಮಡಚಿದಳು.

"ಹಿಡ್ಕೊಂಡ್ರಾ?" ಎಂದು ಕೇಳಿದ ಮೇಸ್ತ್ರಿ, ಚಾವಣಿ ನೋಡುತ್ತಾ. "ನನಗೆ ಗೊತ್ತಾಗಲ್ಲ ನೋಡಿ."

"ಹಿಡ್ಕೊಂಡಿದೀನಿ."

"ತೋಳು ನೋವು ಬಂದ್ರೆ ಬಿಟ್ಟುಬಿಡಿ."

ಅವಳ ತೋಳು ಆಗಲೇ ನೋಯುತ್ತಿತ್ತು. ಬಿಡಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತು ಅವಳ ಮೊಣಕೈಯನ್ನು ಸ್ವಲ್ಪ ಒಳಗೆ ತಳ್ಳಿ ಸರಿಮಾಡಿದಳು. ಹೊರಡುವಾಗ ಮುಂದಿನ ಭಾನುವಾರವೂ ಬರುವುದೆಂದಾಯಿತು. ಮೆಟ್ಟಿಲಿಳಿಯುತ್ತಾ, "ಮುಂದಿನ ಸಲ ಎಡಗಾಲು ಪೂರ್ತಿ ನಿನ್ನದು, ನಾನು ಕೈ ಹಾಕಲ್ಲ" ಎಂದಳು ಅಕ್ಕ.

"ಆಯ್ತು" ಎಂದಳು ತಂಗಿ. ಕೆಳಗೆ ಬಂದು, ಗಾಲಿಕುರ್ಚಿಯ ಸೀಟಿನ ಮೇಲೆ ಕೂತ ಧೂಳನ್ನು ಕರ್ಚೀಫಿನಿಂದ ಒರೆಸಿದಳು. ಆಮೇಲೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು.