ಮೇಲ್ಗಡೆ ಸಾಲು

ಹಾಲುಗುಡ್ಡದಲ್ಲಿ ಮೇಲ್ಗಡೆ ಎಂದರೆ ಬಸ್ಸು ಓಡಾಡುವ ರಸ್ತೆ, ಕೆಳಗಡೆ ಎಂದರೆ ಕೆರೆ. ಊರಿಗೆ ಊರೇ ಇಳಿಜಾರಿನಲ್ಲಿ ಕೂತಿರುವಾಗ ಇನ್ನು ಹೇಗೆ ಹೇಳುವುದು? ಹಿಟ್ಟಿನ ಗಿರಣಿ ಎಲ್ಲಿ ಎಂದು ಯಾರಾದರೂ ಕೇಳಿದರೆ ತೊದಲು ಮಾತಿನ ಕೂಸೂ 'ಮೇಲ್ಗಡೆ' ಎಂದು ಕೈ ತೋರಿಸುತ್ತಿತ್ತು. ಆ ಗಿರಣಿ ಏಕಾಂತಯ್ಯನದು. ಮೂವತ್ತೊಂದು ವರ್ಷ ಸುತ್ತಲ ಹಳ್ಳಿಗಳ ರಾಗಿಯೆಲ್ಲ ಅವನ ಕೈಯಲ್ಲೇ ಹಿಟ್ಟಾಗಿತ್ತು.

ರಸ್ತೆ ಬದಿಯ ಆರು ಹಳೇ ಅಂಗಡಿ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇವೆ ಎಂದು ಪಂಚಾಯಿತಿ ಹೊರಟಾಗ ಆರೂ ಜನರ ಪರವಾಗಿ ಚಪ್ಪಲಿ ಸವೆಸಿದವನು ಅವನೇ. ಒಂದೇ ಅಂತಸ್ತು, ರಸ್ತೆಗೆ ಮುಖವಾಗಿ ಆರು ಮಳಿಗೆ, ಆರೂ ಹಳಬರಿಗೇ. ಹಾಗೆಂದು ನಕ್ಷೆ ಮಂಜೂರಾಯಿತು. ಅದರದೊಂದು ಪ್ರತಿ ತಂದು ಗಿರಣಿಯ ಗೋಡೆಗೆ ಅಂಟಿಸಿಕೊಂಡ. ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದ. ಇದು ನಂದು, ಇದು ಚಿನ್ನಮ್ಮನ ಕಾಫಿ ಹೋಟ್ಲು, ಇದು ಜವರಪ್ಪನ ಸೈಕಲ್ ಶಾಪು. ಏಕಾಂತಣ್ಣನಿಗೆ ನಕ್ಷೆ ಓದೋಕೆ ಬರುತ್ತೆ ಎಂದು ಊರವರು ಆಡಿಕೊಂಡರು. ಆ ಮಾತನ್ನು ಅವನೂ ನಂಬಿದ, ಎಡವಟ್ಟಾಗಿದ್ದು ಅಲ್ಲೇ.

ಅಂಗಡಿಗಳು ಉರುಳಿ ಪಾಯ ತೆಗೆದ ಮೇಲೆ ಪಂಚಾಯಿತಿಯಿಂದ ಕರೆ ಬಂತು. ಮಂಜೂರಾದ ನಕ್ಷೆಯಲ್ಲಿ ಸಣ್ಣಪುಟ್ಟ ಬದಲಾವಣೆ ಇದೆ, ಹಳೇ ಬಾಡಿಗೆದಾರರು ಬಂದು ನೋಡಿ ಅಭಿಪ್ರಾಯ ಹೇಳಬೇಕು. ಸಣ್ಣಪುಟ್ಟ ಎಂದು ಯಾರಾದರೂ ಹೇಳಿದಾಗಲೇ ಎದೆ ಗಟ್ಟಿ ಮಾಡಿಕೊಳ್ಳಬೇಕು. ಆರೂ ಜನ ಹೋದರು. ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ನಿಂತಿದ್ದಳು ಹೊಸ ಎಂಜಿನಿಯರ್ ಕೃತಿಕಾ. ಬಳ್ಳಾರಿ ಕಡೆಯ ಹುಡುಗಿ, ಕಣ್ಣು ಹಾಯುವಷ್ಟು ದೂರ ನೆಲ ಸಪಾಟಾಗಿರುವ ಸೀಮೆಯವಳು.

ಏಕಾಂತಯ್ಯ ಕನ್ನಡಕ ಏರಿಸಿ ಬಗ್ಗಿ ನೋಡಿದ. ಹಳೇ ನಕ್ಷೆಯಲ್ಲಿ ಒಂದೇ ಸಾಲು ಇತ್ತು, ಇದರಲ್ಲಿ ಎರಡು. ಹಾಳೆಯ ಮೇಲ್ಭಾಗದಲ್ಲೊಂದು ಸಾಲು, ಅದರ ಕೆಳಗೆ ಇನ್ನೊಂದು. ಅವನ ಜೀವ ಹಾರಿಹೋಯಿತು. ಕೆರೆ ಕಡೆಗೂ ಒಂದು ಸಾಲು ಕಟ್ಟುತ್ತಿದ್ದಾರೆ, ನಮ್ಮನ್ನು ಅಲ್ಲಿಗೆ ತಳ್ಳುವ ಹುನ್ನಾರ ಇದು ಎಂದುಕೊಂಡ.

"ಹಳಬರಿಗೆ ಮೇಲೆ ಕೊಡೋದಾ, ಕೆಳಗೆ ಕೊಡೋದಾ? ನೀವೇ ಹೇಳಿ" ಎಂದಳು ಕೃತಿಕಾ.

"ಮೇಲೆ ಕೊಡಿ ಮೇಡಂ. ಕೆಳಗೆ ಸುತರಾಂ ಬ್ಯಾಡ."

"ಗಿರಣಿ ಇರೋದು ನಿಮ್ಮದೇ ಅಲ್ವಾ? ಯೋಚ್ನೆ ಮಾಡಿದೀರಾ?"

"ಮೂವತ್ತೊಂದು ವರ್ಷದಿಂದ ಮೇಲ್ಗಡೆನೇ ಇದೀನಿ. ಕೆಳಗೆ ಯಾವ ನರಪಿಳ್ಳೆ ಬರ್ತದೆ? ಬರ್ಕೊಳ್ಳಿ ನೀವು."

ಬರೆದುಕೊಂಡರು. ಉಳಿದ ಐವರೂ ಏಕಾಂತಣ್ಣ ಹೇಳಿದ ಮೇಲೆ ಮುಗೀತು ಎಂದು ಹಿಂದೆಯೇ ಸಹಿ ಹಾಕಿದರು, ಚಿನ್ನಮ್ಮ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಅವನು ಎಲ್ಲರಿಗೂ ಬೋಂಡ ಕೊಡಿಸಿದ.

ಮೂರು ತಿಂಗಳಿಗೆ ರಸ್ತೆಯ ಮಟ್ಟಕ್ಕೆ ಗೋಡೆ ಎದ್ದು, ತಾರಸಿ ಹಾಕಿದ್ದೂ ಆಯಿತು. ತಾರಸಿಯ ಮೇಲೆ ಕಬ್ಬಿಣದ ಸರಳುಗಳು ಇನ್ನೂ ಆಕಾಶ ನೋಡುತ್ತಿದ್ದವು. "ಇದೇನು ಮೇಸ್ತ್ರಿ, ಸರಳು ಕತ್ತರಿಸಲಿಲ್ವಾ?" ಎಂದು ಏಕಾಂತಯ್ಯ ಕೇಳಿದ.

"ಕತ್ತರಿಸಿದ್ರೆ ನಿಮ್ಮ ಮಳಿಗೆ ಎಲ್ಲಿ ಕಟ್ಟೋದು ಯಜಮಾನ್ರೇ? ಮಹಡಿ ಬೇಕು ಅಂದೋರು ನೀವೇ ಅಂತಲ್ಲ" ಎಂದ ಮೇಸ್ತ್ರಿ.

ಏಕಾಂತಯ್ಯ ಹಾಗೇ ಪಂಚಾಯಿತಿಗೆ ಓಡಿದ. ಕೃತಿಕಾ ಹಾಳೆ ತೆಗೆದು ಹರಡಿ, ಒಂದೊಂದಾಗಿ ಬೆರಳಿಟ್ಟಳು. ಇದು ನೆಲ ಅಂತಸ್ತು. ಇದು ಮೊದಲ ಮಹಡಿ. ಹಾಳೆಯಲ್ಲಿ ಒಂದರ ಮೇಲೊಂದು ಬರೆದಿರುತ್ತೇವೆ. ಕೆರೆ ಕಡೆಗೆ ಏನೂ ಇಲ್ಲ, ಯಾವತ್ತೂ ಇರಲಿಲ್ಲ.

"ನಮ್ಮೂರಲ್ಲಿ ಮೇಲೆ ಅಂದ್ರೆ ರಸ್ತೆ ಕಣಮ್ಮಾ" ಎಂದ. ಮೇಡಂ ಎನ್ನುವುದೂ ಮರೆತಿತ್ತು.

ಅವಳ ಮುಖ ಸಣ್ಣಗಾಯಿತು. "ಗಿರಣಿಯೋರು ಯಾಕೆ ಮಹಡಿ ಕೇಳ್ತಾರೆ ಅಂತ ನನಗೂ ಅನ್ನಿಸ್ತು. ಆದರೆ ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಿ..."

"ಈಗ ತಿದ್ದಿ. ಒಂದ್ಸಲ ಬದಲಾಯಿಸಿದೋರಿಗೆ ಇನ್ನೊಂದ್ಸಲ ಏನು ಕಷ್ಟ?"

ಉತ್ತರ ಕೊಟ್ಟವನು ಪಕ್ಕದ ಮೇಜಿನ ಪಿಡಿಓ ಸುನಿಲ್‌ಕುಮಾರ್. "ಕೆಳಗಿನವು ಆರೂ ಹರಾಜಾಗಿ ಹೋದವು ಏಕಾಂತಯ್ಯನವರೇ. ನಿಮ್ಮ ಒಪ್ಪಿಗೆ ಮೇಲೇ ಹರಾಜು ಹಾಕಿದ್ದು. ಸಹಿ ನಿಮ್ಮದೇ ಅಲ್ವಾ?"

ಅವನದೇ. ದುಂಡು ಅಕ್ಷರದ, ಅಡಿಗೆರೆ ಎಳೆದ ಸಹಿ.

"ಇನ್ನೊಂದು ವಿಷ್ಯ" ಎಂದಳು ಕೃತಿಕಾ, ಅವನ ಮುಖ ನೋಡದೆ. "ಮಹಡಿ ಮೇಲೆ ಗಿರಣಿ ಮೆಷಿನ್ ಕೂರಿಸೋ ಹಾಗಿಲ್ಲ. ಅದು ಅದುರೋದಕ್ಕೆ ತಾರಸಿ ತಡೆಯಲ್ಲ. ಬೇರೆ ಏನಾದ್ರೂ ವ್ಯಾಪಾರ ಮಾಡಬಹುದು ನೀವು."

ಅವನಿಗೆ ಬೇರೇನೂ ಬರುತ್ತಿರಲಿಲ್ಲ. ತಾನು ಮುಳುಗಿದ್ದಲ್ಲದೆ ಐದು ಮನೆಯವರನ್ನೂ ಎಳೆದುಕೊಂಡು ಮುಳುಗಿದೆನಲ್ಲ ಎಂಬ ಸಂಕಟಕ್ಕೆ ಅಲ್ಲೇ ಬೆಂಚಿನ ಮೇಲೆ ಕುಸಿದ. ಮೋಸ ಮಾಡಿದವನೊಬ್ಬ ಇದ್ದಿದ್ದರೆ ಶಾಪ ಹಾಕಿ ಹಗುರಾಗಬಹುದಿತ್ತು.

ಕಾಂಪ್ಲೆಕ್ಸ್ ತೆರೆದ ದಿನ ಗಿರಣಿಯ ಮೆಷಿನ್ನು ಕೆರೆ ಏರಿಯ ಪಕ್ಕ ಟಾರ್ಪಾಲು ಹೊದ್ದು ಕೂತಿತ್ತು. ಜವರಪ್ಪ ಸೈಕಲ್ಲನ್ನು ಮಹಡಿಗೆ ಹೊತ್ತು ತರುವವರು ಯಾರು ಎಂದು ಅಂಗಡಿಯನ್ನೇ ಬಿಟ್ಟಿದ್ದ. ಏಕಾಂತಯ್ಯ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಮಂಡಿ ನೋವಿನ ಚಿನ್ನಮ್ಮ ಮಾತ್ರ ಹಾಲಿನ ಕ್ಯಾನು ಹಿಡಿದು, ಗೋಡೆಗೆ ಕೈ ಊರಿಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ನಡುವೆ ಕೂತು ಸುಧಾರಿಸಿಕೊಂಡಳು. ಅವನು ಓಡಿಹೋಗಿ ಕ್ಯಾನು ತೆಗೆದುಕೊಂಡ. ಬೈಯಲಿ, ಉಗಿಯಲಿ ಎಂದು ಕಾದ.

"ಮಖ ಯಾಕಣ್ಣ ಹಂಗ್ ಮಾಡ್ಕಂಡಿದೀರಾ? ನಮಗೆ ಒಳ್ಳೇದಾಗ್ಲಿ ಅಂತ ತಾನೆ ಹೇಳಿದ್ದು" ಎಂದಳು ಚಿನ್ನಮ್ಮ. "ಮೇಲೆ ಗಾಳಿ ಚೆನ್ನಾಗೈತೆ. ಬನ್ನಿ, ಕಾಫಿ ಕುಡೀರಿ."

ಅವನು ಹೋಗಿ ಬೆಂಚಿನ ಮೇಲೆ ಕೂತ. ಕೆಳಗೆ ಬಸ್ಸು ನಿಂತಿತು, ಜನ ಇಳಿದರು, ಕೆಳಗಿನ ಹೊಸ ಬೇಕರಿಯ ಮುಂದೆ ಗುಂಪಾದರು. ಚಿನ್ನಮ್ಮ ಎರಡು ಸಲ ಮಹಡಿ ಅಂಚಿನ ಕಟಾಂಜನದ ಹತ್ತಿರ ಹೋಗಿ ಬಗ್ಗಿ ನೋಡಿ ಬಂದಳು. ಸಂಜೆ ಬಾಗಿಲು ಹಾಕುವವರೆಗೂ ಆ ಮೆಟ್ಟಿಲು ಹತ್ತಿ ಬಂದ ಗಿರಾಕಿ ಅವನೊಬ್ಬನೇ.